ಸಂಭೂಯಸಮುತ್ಥಾನವೂ ವಿಪತ್ತಿನ ನಿವೇದನೆಯೂ

(ಕೃಷ್ಣಾತೀರದ ಐದು ತಾಲ್ಲೂಕುಗಳ ಸಕ್ಕರೆ ಕಂಪೆನಿಗಳ ನಿದರ್ಶನದೊಡನೆ)

೧. ವಿಷಯಪ್ರವೇಶ

ಹಲವರು ತಮ್ಮ ತಮ್ಮ ದ್ರವ್ಯವನ್ನು ಒಂದೆಡೆ ಕೂಡಿಸಿ, ಲಾಭಾರ್ಥವಾಗಿ ಒಂದು ಉದ್ಯಮವನ್ನು ನಡೆಸುವುದಕ್ಕೆ ಧರ್ಮಶಾಸ್ತ್ರಕಾರರು ಸಂಭೂಯಸಮುತ್ಥಾನವೆಂದು ಹೆಸರಿಟ್ಟಿರುವರು. ಹದಿನೆಂಟು ವ್ಯವಹಾರಪದಗಳಲ್ಲಿ ಇದೂ ಒಂದಾಗಿರುತ್ತದೆ. ಇಂದಿನ ಪಬ್ಲಿಕ್ ಕಂಪೆನಿಯನ್ನು ಇದರ ವಿಸ್ತೃತ ರೂಪವೆಂದು ಎಣಿಸಿದರೆ ತಪ್ಪಾಗಲಾರದು. ಆದರೆ ಇವೆರಡಕ್ಕೂ ಒಂದು ಮುಖ್ಯ ಭೇದವುಂಟು. ಹಿಂದೆ ಸಾರ್ಥಗಳಲ್ಲಿ ಕೂಡಿ ಹೋಗುತ್ತಿದ್ದ ವರ್ತಕರು, ಕಳ್ಳರು ಮೇಲೆ ಬಿದ್ದುದನ್ನಾಗಲಿ ಹೊಳೆ ತುಂಬಿ ಬಂದುದನ್ನಾಗಲಿ, ಬಹುಮಟ್ಟಿಗೆ ತಾವೇ ಕಣ್ಣಾರೆ ಕಾಣುತ್ತಿದ್ದರು. ಇಂದಿನ ಷೇರುದಾರನಾದರೋ ಮುಂಬಯಿಯಲ್ಲಿಯೋ ಮದರಾಸಿನಲ್ಲಿಯೋ ಇರುವವನು. ಅವನ ಹಣವು ಕೃಷ್ಣಾನದಿಯ ದಡದಲ್ಲಿರುವ ಒಂದು ಗಾಣದಲ್ಲಿ ತೊಡಗಿದೆ. ನದಿಯು ಏರಿದುದು ಅವನಿಗೆ ಕಾಣದು. ಆದುದರಿಂದ ಕಂಡವನು ಕಾಣದವನಿಗೆ ತಿಳಿಸಬೇಕೆಂಬ ಹೊಸದೊಂದು ಧರ್ಮವು ಹುಟ್ಟಿತು. ಇದನ್ನು ಇಲ್ಲಿ ನಿವೇದನೆಯೆಂದು ಕರೆಯಲಾಗುವುದು.

ಈ ನಿವೇದನೆಯ ವಿಷಯದಲ್ಲಿ ನಾಲ್ಕು ಪ್ರಶ್ನೆಗಳು ಏಳುತ್ತವೆ. ಯಾವುದನ್ನು ತಿಳಿಸಬೇಕು? ಎಷ್ಟು ಹೊತ್ತಿನೊಳಗೆ ತಿಳಿಸಬೇಕು? ಎಷ್ಟು ವಿವರವಾಗಿ ತಿಳಿಸಬೇಕು? ಎಲ್ಲಿಯವರೆಗೆ ತಿಳಿಸುತ್ತಿರಬೇಕು? ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳನ್ನು ನಿದರ್ಶನವಾಗಿಟ್ಟುಕೊಂಡು ಈ ನಾಲ್ಕನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶವು.

೨. ಪ್ರದೇಶ ಮತ್ತು ಉದ್ಯಮ

ಈ ಐದು ತಾಲ್ಲೂಕುಗಳು ಕೃಷ್ಣೆ ಮತ್ತು ಅದರ ಉಪನದಿಗಳ ಪ್ರದೇಶವು. ವೇದಗಂಗೆಯು ದೂಧಗಂಗೆಯನ್ನು ಕೂಡಿ, ದೂಧಗಂಗೆಯು ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹೆಚ್ಚಿದಾಗ ಕಲ್ಲೋಳ-ಯಡೂರ ಮೊದಲಾದ ಕಡೆಗಳ ತಗ್ಗು ಸೇತುವೆಗಳು ಮುಳುಗುವುದು ಇಲ್ಲಿಯ ಜನರಿಗೆ ವರ್ಷವರ್ಷದ ಅನುಭವವು. ನಿಪ್ಪಾಣಿಯು ಹೊಗೆಸೊಪ್ಪಿನ ವ್ಯಾಪಾರಕ್ಕೆ ಹೆಸರಾದುದಾದರೂ, ಒಟ್ಟು ಪ್ರದೇಶದ ಮುಖ್ಯ ಧನವು ಕಬ್ಬೇ ಆಗಿರುತ್ತದೆ.

ಇಲ್ಲಿ ಕಬ್ಬನ್ನು ಅರೆಯುವ ಸಂಸ್ಥೆಗಳು ಎರಡು ಬಗೆಯವು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಕಾರ್ಖಾನೆ, ನಿಪ್ಪಾಣಿಯ ಹಾಲಸಿದ್ಧನಾಥ ಕಾರ್ಖಾನೆ ಮೊದಲಾದವು ಸಹಕಾರಿ ಸಂಘಗಳು. ಬೆಳೆಗಾರರೇ ಇವುಗಳ ಸದಸ್ಯರು. ಷೇರುಪೇಟೆಯ ಪಟ್ಟಿಯಲ್ಲಿ ಸೇರಿದ ಕಂಪೆನಿಗಳು ಎರಡನೆಯ ಬಗೆಯವು. ಇವುಗಳಲ್ಲಿ ಹಳೆಯದು ಉಗಾರ ಶುಗರ್ ವರ್ಕ್ಸ್. ೧೯೩೯ರಲ್ಲಿ ಸ್ಥಾಪಿತವಾದ ಈ ಕಂಪೆನಿಯ ಕಾರ್ಖಾನೆಯು ಮೊದಲು ಅಥಣಿಗೆ ಸೇರಿದ್ದು ಈಗ ಕಾಗವಾಡ ತಾಲ್ಲೂಕಿನಲ್ಲಿರುವ ಉಗಾರ ಖುರ್ದ ಗ್ರಾಮದಲ್ಲಿದೆ. ಅದರ ನೋಂದಾಯಿತ ಕಚೇರಿಯು ಸಾಂಗಲಿಯಲ್ಲಿದೆ. ಎರಡನೆಯದಾದ ಶ್ರೀ ರೇಣುಕಾ ಶುಗರ್ಸ್ ಬೆಳಗಾವಿಯದು. ಇದು ೧೯೯೮ರಲ್ಲಿ ಪ್ರಾರಂಭವಾಗಿ, ೨೦೦೫ರಲ್ಲಿ ಸಾರ್ವಜನಿಕರಿಗೆ ಷೇರುಗಳನ್ನು ನೀಡಿತು. ಅಥಣಿ ತಾಲ್ಲೂಕಿನ ಬುರ್ಲಟ್ಟಿಯಲ್ಲಿ ಇದರ ಒಂದು ಕಾರ್ಖಾನೆಯಿದೆ. ರಾಯಬಾಗದ ಸಹಕಾರಿ ಕಾರ್ಖಾನೆಯನ್ನು ಗುತ್ತಿಗೆಯ ಮೇಲೆ ಇದು ನಡೆಸಿದುದೂ ಉಂಟು. ಒಂದೇ ನದಿಯ ಒಂದೇ ನೀರು ಈ ಎರಡು ಬಗೆಯ ಸಂಸ್ಥೆಗಳ ಕಬ್ಬನ್ನೂ ಭೇದವಿಲ್ಲದೆ ಮುಳುಗಿಸುತ್ತದೆ; ಆದರೆ ಮುಳುಗಿದ ಸುದ್ದಿಯನ್ನು ತಿಳಿಸಬೇಕಾದ ಕಟ್ಟಳೆಯು ಎರಡಕ್ಕೂ ಒಂದೇ ಅಲ್ಲ.

೩. ಪೂರ್ವಶಾಸ್ತ್ರದ ದೃಷ್ಟಿ

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿಯು. ಆ ಸ್ಮೃತಿಯಲ್ಲಿ ಕೂಡುವ್ಯಾಪಾರದ ವಿಷಯವಾಗಿ ಹೇಳಿದ ನಿಯಮಗಳ ಸಾರವು ಇಷ್ಟು: ಲಾಭಾಲಾಭಗಳು ಅವರವರು ಹಾಕಿದ ದ್ರವ್ಯಕ್ಕೆ ಅನುಸಾರವಾಗಿ, ಅಥವಾ ಮೊದಲೇ ಮಾಡಿಕೊಂಡ ಒಪ್ಪಂದದಂತೆ, ಹಂಚಲ್ಪಡತಕ್ಕವು. ಬೇಡವೆಂದುದನ್ನು ಮಾಡಿ, ಅಪ್ಪಣೆಯಿಲ್ಲದುದನ್ನು ಮಾಡಿ, ಅಥವಾ ಅಜಾಗರೂಕತೆಯಿಂದ ದ್ರವ್ಯವನ್ನು ಕೆಡಿಸಿದವನು ಅದನ್ನು ತುಂಬಿಕೊಡತಕ್ಕದ್ದು. ವಿಪ್ಲವದಿಂದ ದ್ರವ್ಯವನ್ನು ರಕ್ಷಿಸಿದವನಿಗೆ ಹತ್ತನೆಯ ಒಂದು ಪಾಲು ಸಲ್ಲುವುದು. ವಂಚಕನಾದ ಪಾಲುಗಾರನನ್ನು ಲಾಭವಿಲ್ಲದೆ ಹೊರಗೆ ಹಾಕತಕ್ಕದ್ದು.

ಇಲ್ಲಿ ‘ವಿಪ್ಲವ’ವೆಂಬ ಶಬ್ದವು ಗಮನಾರ್ಹವಾದುದು. ತೇಲುವುದು, ಉಕ್ಕಿ ಹರಿಯುವುದು ಎಂಬ ಅರ್ಥದ ‘ಪ್ಲು’ ಧಾತುವಿನಿಂದ ಇದು ಹುಟ್ಟಿದೆ. ಸ್ಮೃತಿಯಲ್ಲಿ ಇದು ಸರ್ವಸಾಮಾನ್ಯವಾದ ಉತ್ಪಾತವನ್ನು ಹೇಳುವುದಾದರೂ, ಕೃಷ್ಣಾತೀರದವರಿಗೆ ಇದರ ಧಾತ್ವರ್ಥವೇ ಮೊದಲು ನೆನಪಿಗೆ ಬರುವುದು ಸಹಜವು.

ಪೂರ್ವಶಾಸ್ತ್ರವು ವಿಪತ್ತಿನ ನಷ್ಟವನ್ನು ಹಂಚುವ ಕ್ರಮವನ್ನೂ ರಕ್ಷಕನಿಗೆ ಕೊಡುವ ಬಹುಮಾನವನ್ನೂ ಹೇಳಿತು. ವಿಪತ್ತನ್ನು ತಿಳಿಸುವ ಗಡುವನ್ನು ಇಲ್ಲಿ ಹೇಳಲಿಲ್ಲ. ಪಾಲುಗಾರರು ಒಟ್ಟಿಗೆ ಇರುತ್ತಿದ್ದುದರಿಂದ ಅದರ ಅವಶ್ಯಕತೆಯು ತೋರಿರಲಾರದು. ಆದರೆ ದೋಷವನ್ನು ಅರಿತೂ ಮರೆಸಿ ವಸ್ತುವನ್ನು ಮಾರುವವನನ್ನು ನಾರದಾದಿ ಸ್ಮೃತಿಕಾರರು ದಂಡನೆಗೆ ಗುರಿಪಡಿಸಿದರು. ಇಂದಿನ ನಿವೇದನಧರ್ಮಕ್ಕೆ ಈ ಎರಡೂ ಬೇರುಗಳುಂಟು. ಷೇರು ಎಂಬುದು ಕೂಡುವ್ಯಾಪಾರದ ಪಾಲೂ ಹೌದು, ಪೇಟೆಯಲ್ಲಿ ಮಾರುವ ಪದಾರ್ಥವೂ ಹೌದು. ಕಂಪೆನಿಯ ಒಳಗಿನವನು ವಿಪತ್ತನ್ನು ಅರಿತು, ಅರಿಯದವನಿಗೆ ತನ್ನ ಷೇರನ್ನು ಮಾರಿದರೆ, ಅವನು ಪಾಲುಗಾರರಲ್ಲಿ ವಂಚಕನೂ ಮಾರುವವರಲ್ಲಿ ದೋಷವನ್ನು ಮರೆಸಿದವನೂ ಆಗುತ್ತಾನೆ.

೪. ಇಂದಿನ ಶಾಸನ

ಸ್ವತಂತ್ರ ಭಾರತದ ೧೯೫೬ನೆಯ ಇಸವಿಯ ಕಂಪೆನಿ ಕಾಯಿದೆಯು, ಲೆಕ್ಕದ ವರ್ಷವು ಮುಗಿದ ಮೇಲೆ ನಿರ್ದೇಶಕರು ವರದಿಯನ್ನು ಬರೆಯುವುದರೊಳಗಾಗಿ ಕಂಪೆನಿಯ ಸ್ಥಿತಿಯನ್ನು ಬಾಧಿಸುವ ಮಹತ್ತ್ವದ ವ್ಯತ್ಯಾಸಗಳು ಸಂಭವಿಸಿದ್ದರೆ ಅವುಗಳನ್ನು ಆ ವರದಿಯಲ್ಲಿ ಹೇಳಬೇಕೆಂದು ವಿಧಿಸಿತು. ೨೦೧೩ನೆಯ ಇಸವಿಯ ಕಾಯಿದೆಯೂ ಈ ವಿಧಿಯನ್ನು ಉಳಿಸಿಕೊಂಡಿತು. ಆದರೆ ವಾರ್ಷಿಕ ವರದಿಯು ವರ್ಷಕ್ಕೊಮ್ಮೆ ಬರುವುದು. ಷೇರಿನ ಕ್ರಯವಿಕ್ರಯವು ಪ್ರತಿದಿನವೂ ನಡೆಯುವುದು. ಈ ಅಂತರವನ್ನು ತುಂಬುವುದಕ್ಕೆ ಷೇರುಪೇಟೆಗಳು ತಮ್ಮ ಪಟ್ಟಿಯಲ್ಲಿ ಸೇರುವ ಕಂಪೆನಿಗಳಿಂದ ಕರಾರನ್ನು ಬರೆಯಿಸಿಕೊಂಡವು. ಆ ಕರಾರಿನ ಮೂವತ್ತಾರನೆಯ ಕಲಮಿನಂತೆ ಮುಷ್ಕರ, ಬೀಗಮುದ್ರೆ, ವಿದ್ಯುತ್ತಿನ ಅಭಾವದಿಂದ ಕಾರ್ಖಾನೆ ನಿಲ್ಲುವುದು ಮೊದಲಾದವುಗಳನ್ನು ಸಂಭವಿಸಿದಾಗಲೂ, ಮುಗಿದಮೇಲೆ ಮತ್ತೊಮ್ಮೆಯೂ ಪೇಟೆಗೆ ತಿಳಿಸಬೇಕಾಗಿದ್ದಿತು.

ಭಾರತೀಯ ಪ್ರತಿಭೂತಿ ಮತ್ತು ವಿನಿಮಯ ಮಂಡಲಿಯು, ಎಂದರೆ ಸಾಮಾನ್ಯವಾಗಿ ಸೆಬಿಯೆಂದು ಕರೆಯಲ್ಪಡುವ ಸಂಸ್ಥೆಯು, ೨೦೧೫ರಲ್ಲಿ ಈ ಕರಾರನ್ನು ನಿಯಮಾವಳಿಯಾಗಿ ಮಾರ್ಪಡಿಸಿತು. ಆ ವರ್ಷದ ಡಿಸೆಂಬರ್ ೧ರಿಂದ ಅದು ಜಾರಿಗೆ ಬಂದಿತು. ಅದರ ಮೂವತ್ತನೆಯ ನಿಯಮವೇ ಪ್ರಕೃತ ವಿಷಯಕ್ಕೆ ಆಧಾರವು.

ಈ ನಿಯಮವು ಘಟನೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸುತ್ತದೆ. ವಂಚನೆ, ಸಾಲದ ಬಾಕಿ ತಪ್ಪುವುದು, ನಿರ್ದೇಶಕರ ಮತ್ತು ಲೆಕ್ಕಪರಿಶೋಧಕರ ಬದಲಾವಣೆ, ದಿವಾಳಿಯ ಅರ್ಜಿ ಮೊದಲಾದವು ಮೊದಲನೆಯ ವರ್ಗದವು. ಇವು ಸ್ವಭಾವತಃ ಮಹತ್ತ್ವದವೆಂದು ಭಾವಿಸಿ ತಿಳಿಸತಕ್ಕವು. ಭೂಕಂಪ, ನೆರೆ, ಬೆಂಕಿ, ಮುಷ್ಕರ ಮುಂತಾದವುಗಳಿಂದ ಕಾರ್ಖಾನೆಯ ಕೆಲಸವು ಕೆಡುವುದು, ಸರಕಾರದ ನಿಯಮಗಳ ಬದಲಾವಣೆಯಿಂದ ಆಗುವ ಪರಿಣಾಮ ಮೊದಲಾದವು ಎರಡನೆಯ ವರ್ಗದವು. ಇವು ಮಹತ್ತ್ವದವೆಂದು ತೂಗಿ ನೋಡಿದ ಮೇಲೆ ತಿಳಿಸತಕ್ಕವು. ತೂಗುವ ತಕ್ಕಡಿಯನ್ನು ೨೦೨೩ರ ತಿದ್ದುಪಡಿಯು ಅಂಕಿಗಳಲ್ಲಿ ಕೊಟ್ಟಿತು. ಒಟ್ಟು ವಹಿವಾಟಿನ ಶೇಕಡಾ ೨, ನಿವ್ವಳ ಸಂಪತ್ತಿನ ಶೇಕಡಾ ೨, ಹಿಂದಿನ ಮೂರು ವರ್ಷಗಳ ಲಾಭನಷ್ಟಗಳ ಸರಾಸರಿಯ ಶೇಕಡಾ ೫, ಈ ಮೂರರಲ್ಲಿ ಯಾವುದು ಕಡಿಮೆಯೋ ಅದನ್ನು ಘಟನೆಯ ಪರಿಣಾಮವು ಮೀರುವಂತಿದ್ದರೆ ಅದು ಮಹತ್ತ್ವದ್ದಾಗುತ್ತದೆ. ಅಂಕಿಗೆ ನಿಲುಕದಿದ್ದರೂ, ಈಗ ಮರೆಸಿದ ಸಂಗತಿಯು ಮುಂದೆ ಬಯಲಾದರೆ ಪೇಟೆಯಲ್ಲಿ ದೊಡ್ಡ ಕಳವಳವನ್ನುಂಟುಮಾಡುವಂತಿದ್ದರೆ, ಆಗಲೂ ತಿಳಿಸತಕ್ಕದ್ದೇ ಸರಿ.

ಕಾಲಾವಧಿಯೂ ಆಗಲೇ ನಿರ್ದಿಷ್ಟವಾಯಿತು. ಕಂಪೆನಿಯ ಒಳಗಿನಿಂದಲೇ ಹುಟ್ಟಿದ ಘಟನೆಗೆ ೧೨ ಗಂಟೆಗಳು. ಹೊರಗಿನಿಂದ ಬಂದುದಕ್ಕೆ ೨೪ ಗಂಟೆಗಳು. ನಿರ್ದೇಶಕರ ಸಭೆಯ ನಿರ್ಣಯಕ್ಕೆ ಸಭೆ ಮುಗಿದ ೩೦ ನಿಮಿಷಗಳು. ಪೇಟೆಯ ವ್ಯವಹಾರವು ಮುಗಿದ ಮೇಲೆ ಸಭೆಯು ಮುಗಿದರೆ ೩ ಗಂಟೆಗಳೆಂದು ೨೦೨೪ರ ತಿದ್ದುಪಡಿಯು ಸಡಿಲಿಸಿತು. ತಡವಾದಲ್ಲಿ ತಡವಾದ ಕಾರಣವನ್ನು ಕೂಡಿಸಿಯೇ ತಿಳಿಸಬೇಕು.

೫. ಉತ್ಪತ್ತಿ ಮತ್ತು ಜ್ಞಪ್ತಿ

ಗಂಟೆಗಳನ್ನು ಎಣಿಸುವುದು ಸುಲಭ. ಎಲ್ಲಿಂದ ಎಣಿಸಬೇಕೆಂಬುದೇ ಕಠಿನ. ಒಂದು ವಸ್ತುವು ಹುಟ್ಟುವುದು ಬೇರೆ, ಅದು ತಿಳಿದುಬರುವುದು ಬೇರೆ; ಮೊದಲನೆಯದನ್ನು ಉತ್ಪತ್ತಿಯೆಂತಲೂ ಎರಡನೆಯದನ್ನು ಜ್ಞಪ್ತಿಯೆಂತಲೂ ಶಾಸ್ತ್ರಕಾರರು ಹೇಳುವರು. ಸೆಬಿಯ ಸುತ್ತೋಲೆಯೂ ಈ ಭೇದವನ್ನು ಅಂಗೀಕರಿಸಿದೆ. ಮಾತುಕತೆಯಿಂದಲೂ ಮಂಜೂರಾತಿಯಿಂದಲೂ ಸಿದ್ಧವಾಗುವ ಸಂಗತಿಯಲ್ಲಿ ಆ ಮಂಜೂರಾತಿಯೇ ಆರಂಭವು. ನೈಸರ್ಗಿಕ ಉತ್ಪಾತದಂತೆ ಯಾರ ಮಂಜೂರಾತಿಯನ್ನೂ ಬೇಡದ ಘಟನೆಯಲ್ಲಿಯಾದರೋ ಕಂಪೆನಿಗೆ ತಿಳಿದ ಕ್ಷಣವೇ ಆರಂಭವು.

ಹಾಗಾದರೆ ‘ಕಂಪೆನಿಗೆ ತಿಳಿಯಿತು’ ಎಂದರೇನು? ಕಂಪೆನಿಗೆ ಕಣ್ಣಿಲ್ಲ, ಕಿವಿಯಿಲ್ಲ. ಅದರ ಅಧಿಕಾರಿಯು ತನ್ನ ಕರ್ತವ್ಯವನ್ನು ಮಾಡುತ್ತಿರುವಾಗ ಒಂದು ಸಂಗತಿಯನ್ನು ಅರಿತರೆ, ಅಥವಾ ಅರಿತಿರಬೇಕಾಗಿದ್ದರೆ, ಆಗಲೇ ಕಂಪೆನಿಯೂ ಅರಿತಂತಾಯಿತೆಂದು ಸುತ್ತೋಲೆಯು ನಿರ್ಣಯಿಸುತ್ತದೆ. ‘ಅರಿತಿರಬೇಕಾಗಿದ್ದರೆ’ ಎಂಬ ಈ ಮಾತೇ ನಿಯಮದ ಜೀವಾಳವು. ಉಗಾರದ ದಡದಲ್ಲಿ ನೀರು ಏರುವುದನ್ನು ಕಾರ್ಖಾನೆಯ ಅಧಿಕಾರಿಯು ನೋಡಿರುವಾಗ, ಸಾಂಗಲಿಯ ಕಚೇರಿಗೆ ಕಾಗದವು ಇನ್ನೂ ಮುಟ್ಟಿಲ್ಲವೆಂಬ ಸಮಾಧಾನವು ನಿಲ್ಲಲಾರದು. ನೋಡದೆ ಇರುವುದೂ ಒಂದು ಸಮಾಧಾನವಾಗಲಾರದು.

೬. ನೆರೆಯೆಂಬ ನಿಕಷ

೨೦೧೯ರ ಆಗಸ್ಟ್ ತಿಂಗಳಿನ ಮೊದಲ ಭಾಗದಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ, ಈ ತಾಲ್ಲೂಕುಗಳ ನದೀತೀರದ ಗ್ರಾಮಗಳನ್ನೂ ಗದ್ದೆಗಳನ್ನೂ ಮುಳುಗಿಸಿದವು. ೨೦೨೧ರ ಜುಲೈ ತಿಂಗಳಿನಲ್ಲಿ ಮತ್ತೊಮ್ಮೆ ನೆರೆ ಬಂದಿತು. ಮೇಲ್ಕಂಡ ನಿಯಮವನ್ನು ಒರೆಹಚ್ಚಿ ನೋಡುವುದಕ್ಕೆ ಇದಕ್ಕಿಂತ ತಕ್ಕ ನಿದರ್ಶನವು ಸಿಗಲಾರದು.

ನಿಯಮವು ಹೇಳುವುದು ಕಾರ್ಖಾನೆಯ ಕೆಲಸವು ಕೆಡುವುದನ್ನು. ಕಬ್ಬನ್ನು ಅರೆಯುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ ಮೊದಲಾಗಿ ಮಾರ್ಚ್-ಏಪ್ರಿಲಿನ ಹೊತ್ತಿಗೆ ಮುಗಿಯುವುದು. ಆಗಸ್ಟಿನಲ್ಲಿ ಗಾಣವು ತಾನಾಗಿಯೇ ನಿಂತಿರುತ್ತದೆ. ನಿಂತಿರುವುದು ಕೆಡುವುದೆಂತು? ಅಕ್ಷರಾರ್ಥವನ್ನೇ ಹಿಡಿದರೆ, ಯಂತ್ರಶಾಲೆಗೆ ನೀರು ನುಗ್ಗದಿದ್ದಲ್ಲಿ, ತಿಳಿಸುವಂಥ ಘಟನೆಯೇ ಆಗಲಿಲ್ಲವೆಂದು ವಾದಿಸಬಹುದು. ಆದರೆ ಕೆಟ್ಟಿರುವುದು ಗಾಣವಲ್ಲ, ಗಾಣದ ಆಹಾರವು. ಕಬ್ಬು ಕೆಲವು ದಿನ ಬುಡದಲ್ಲಿ ನೀರು ನಿಂತರೆ ತಾಳಿಕೊಳ್ಳುತ್ತದೆ; ಸುಳಿಯೇ ಮುಳುಗಿ ಅದರಲ್ಲಿ ರಾಡಿ ಕೂತರೆ ಕೊಳೆಯುತ್ತದೆ. ನೀರು ಇಳಿದು ಕೆಲವು ದಿನಗಳಾಗುವವರೆಗೆ ಯಾವ ಗದ್ದೆ ಉಳಿಯಿತು, ಯಾವುದು ಹೋಯಿತು ಎಂಬುದು ಬೇಸಾಯಗಾರನಿಗೂ ನಿಶ್ಚಯವಾಗದು. ಮೇಲಾಗಿ ಈ ಭಾಗದಲ್ಲಿ ಮಳೆಗಾಲದಲ್ಲಿ ನಾಟಿಮಾಡುವ ಅಡಸಾಲಿ ಕಬ್ಬು ೧೬ರಿಂದ ೧೮ ತಿಂಗಳುಗಳ ಬೆಳೆಯು. ಒಂದು ಜುಲೈಯಲ್ಲಿ ನೆಟ್ಟ ಕಬ್ಬು ಆಗಸ್ಟಿನ ನೆರೆಯಲ್ಲಿ ಕೆಟ್ಟರೆ, ಅದರ ನಷ್ಟವು ಬರಲಿರುವ ಹಂಗಾಮಿನಲ್ಲಿ ಕಾಣದೆ ಅದರ ಮುಂದಿನ ಹಂಗಾಮಿನಲ್ಲಿ ಕಾಣುವುದು. ಒಂದು ನೆರೆ, ಎರಡು ಹಂಗಾಮುಗಳ ನಷ್ಟ.

ಹೀಗಿರುವಲ್ಲಿ, ೨೪ ಗಂಟೆಗಳೊಳಗೆ ನಷ್ಟದ ಮೊತ್ತವನ್ನು ಹೇಳೆಂದರೆ ಯಾರೂ ನಿಜವಾಗಿ ಹೇಳಲಾರರು. ಮೊತ್ತವು ಗೊತ್ತಾಗುವವರೆಗೆ ಸುಮ್ಮನಿದ್ದರೆ ಷೇರುದಾರನು ಕತ್ತಲೆಯಲ್ಲಿ ಉಳಿಯುವನು. ಈ ತೊಡಕನ್ನು ನಿಯಮವೇ ಬಿಡಿಸಿದೆ. ಅದು ನಿವೇದನೆಯನ್ನು ಒಂದೇ ಮಾತಿನಲ್ಲಿ ಮುಗಿಸದೆ, ಹಲವು ಹಂತಗಳದನ್ನಾಗಿ ಮಾಡಿದೆ. ಮೊದಲು ನಿರೀಕ್ಷಿತ ನಷ್ಟದ ಪ್ರಮಾಣವನ್ನೂ, ಅದಕ್ಕೆ ವಿಮೆಯುಂಟೋ ಇಲ್ಲವೋ ಎಂಬುದನ್ನೂ ತಿಳಿಸತಕ್ಕದ್ದು. ಆಮೇಲೆ ಸ್ಥಿತಿಯು ಮೊದಲಿನಂತಾಗುವವರೆಗೆ ಕಾಲಕಾಲಕ್ಕೆ ನಿಜವಾಗಿ ಆದ ನಷ್ಟ, ವಿಮೆಯಿಂದ ಕೇಳಿದ ಮತ್ತು ಬಂದ ಹಣ, ಕೈಕೊಂಡ ಉಪಾಯಗಳು ಇವನ್ನು ತಿಳಿಸುತ್ತಿರತಕ್ಕದ್ದು. ಈ ಪ್ರಕಟನೆಗಳು ಕಂಪೆನಿಯ ಜಾಲತಾಣದಲ್ಲಿ ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಇರತಕ್ಕದ್ದು. ಮೊದಲ ಮಾತಿನಲ್ಲಿ ಸಂಖ್ಯೆಯು ಅಸ್ಥಿರವಾಗಿದ್ದರೆ ದೋಷವಲ್ಲ. ಅಸ್ಥಿರವೆಂದು ಹೇಳದಿರುವುದೂ, ಸ್ಥಿರವಾದ ಮೇಲೆ ತಿದ್ದದಿರುವುದೂ ದೋಷವು.

ವಿಮೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಗದ್ದೆಯ ಕಬ್ಬು ಕಂಪೆನಿಯ ಸೊತ್ತಲ್ಲ, ಬೆಳೆಗಾರನದು. ಆದುದರಿಂದ ಕಂಪೆನಿಯ ಕಟ್ಟಡ ಯಂತ್ರಗಳಿಗೆ ಮಾಡಿಸಿದ ವಿಮೆಯು ಆ ಕಬ್ಬಿನ ನಾಶಕ್ಕೆ ಒದಗದು. ನಮ್ಮ ಸೊತ್ತಿಗೆಲ್ಲ ವಿಮೆಯುಂಟು ಎಂಬ ವಾಕ್ಯವು ಸತ್ಯವಾಗಿದ್ದೂ ಓದುವವನನ್ನು ತಪ್ಪುದಾರಿಗೆ ಎಳೆಯಬಹುದು. ನಿವೇದನೆಯಲ್ಲಿ ಸತ್ಯವು ಸಾಲದು, ಪೂರ್ಣತೆಯೂ ಬೇಕೆಂಬುದಕ್ಕೆ ಇದು ಉದಾಹರಣೆಯು.

೭. ದೂರದಿಂದ ಬರುವ ವಿಪತ್ತುಗಳು

ನೆರೆಯು ಕಣ್ಣಿಗೆ ಕಾಣುವ ವಿಪತ್ತು. ಆದರೆ ಈ ತಾಲ್ಲೂಕುಗಳ ಕಾರ್ಖಾನೆಗಳಿಗೆ ಕಾಣದ ದಿಕ್ಕಿನಿಂದಲೂ ವಿಪತ್ತು ಬಂದುದುಂಟು. ರೇಣುಕಾ ಕಂಪೆನಿಯು ೨೦೧೦ರಲ್ಲಿ ಬ್ರೆಜಿಲ್ ದೇಶದ ಎರಡು ಸಕ್ಕರೆ ಉದ್ಯಮಗಳಲ್ಲಿ ಒಡೆತನವನ್ನು ಪಡೆಯಿತು. ಅಲ್ಲಿಯ ಅಂಗಸಂಸ್ಥೆಯಾದ ರೇಣುಕಾ ದೊ ಬ್ರಾಸಿಲ್ ೨೦೧೫ರ ಸೆಪ್ಟೆಂಬರಿನಲ್ಲಿ ಸಾಲಗಾರರಿಂದ ರಕ್ಷಣೆಯನ್ನು ಕೋರಿ ಆ ದೇಶದ ನ್ಯಾಯಾಲಯವನ್ನು ಸೇರಬೇಕಾಯಿತು. ಬುರ್ಲಟ್ಟಿಯ ಗಾಣಕ್ಕೆ ಏನೂ ಆಗಿರಲಿಲ್ಲ. ಆದರೂ ಅದರ ಒಡೆಯರಾದ ಷೇರುದಾರರಿಗೆ ಇದು ಮಹತ್ತ್ವದ ಸಂಗತಿಯಾಯಿತು. ಮುಂದೆ ೨೦೧೮ರಲ್ಲಿ ಸಾಲಗಳ ಪುನರ್ವ್ಯವಸ್ಥೆಯಾಗಿ, ಸಿಂಗಪುರದ ವಿಲ್ಮರ್ ಸಂಸ್ಥೆಯು ಕಂಪೆನಿಯ ಮುಖ್ಯ ಒಡೆತನವನ್ನು ಪಡೆಯಿತು. ಅಂಗಸಂಸ್ಥೆಯಲ್ಲಿ ನಡೆದುದು ಮೂಲಸಂಸ್ಥೆಗೆ ಮಹತ್ತ್ವದ್ದಾಗಿದ್ದರೆ ಅದನ್ನೂ ತಿಳಿಸಬೇಕೆಂಬ ಇಂದಿನ ನಿಯಮದ ತಾತ್ಪರ್ಯವು ಈ ನಿದರ್ಶನದಿಂದ ವಿಶದವಾಗುವುದು.

ಸರಕಾರದ ಆಜ್ಞೆಯೂ ಇಂಥದೇ. ೨೦೨೩ರ ಡಿಸೆಂಬರ್ ೭ರಂದು ಕೇಂದ್ರಸರಕಾರವು ಕಬ್ಬಿನ ರಸದಿಂದಲೂ ಪಾಕದಿಂದಲೂ ಎಥನಾಲ್ ತಯಾರಿಸುವುದನ್ನು ಒಮ್ಮೆಲೇ ನಿಲ್ಲಿಸಿತು. ಅದೇ ತಿಂಗಳಿನಲ್ಲಿ ಸ್ವಲ್ಪ ಸಡಿಲಿಸಿತು. ಆಜ್ಞೆಯು ಎಲ್ಲರಿಗೂ ಬಯಲಾದುದು. ಅದನ್ನು ಕಂಪೆನಿಯು ಮತ್ತೆ ಹೇಳುವುದೇಕೆ ಎಂದು ಶಂಕಿಸಬಹುದು. ಆಜ್ಞೆಯು ಬಯಲಾದುದು ನಿಜ. ಆ ಕಂಪೆನಿಗೆ ಅದರಿಂದ ಆಗುವ ಪರಿಣಾಮವು ಬಯಲಾದುದಲ್ಲ. ನಿವೇದಿಸಬೇಕಾದುದು ಪರಿಣಾಮವನ್ನು.

೨೦೨೫ರ ನವೆಂಬರಿನಲ್ಲಿ ನೆರೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಬೆಳೆಗಾರರು ಟನ್ನು ಕಬ್ಬಿಗೆ ೩,೫೦೦ ರೂಪಾಯಿಗಳನ್ನು ಕೇಳಿ ಹೂಡಿದ ಚಳವಳಿಯು ಇನ್ನೊಂದು ಬಗೆಯದು. ರಾಜ್ಯಸರಕಾರವು ೩,೩೦೦ ರೂಪಾಯಿಗಳನ್ನು ಘೋಷಿಸಿತು. ಮುಷ್ಕರವೆಂಬುದು ಕೆಲಸಗಾರರದು, ಇದು ಬೆಳೆಗಾರರದು. ನಿಯಮದಲ್ಲಿ ಇದರ ಹೆಸರಿಲ್ಲ ಎಂದು ಆಕ್ಷೇಪಿಸುವವರಿಗೆ ‘ಮುಂತಾದ’ ಎಂಬ ಶಬ್ದವೇ ಉತ್ತರವು. ಹೆಸರಿಸಿದವುಗಳು ಉಪಲಕ್ಷಣಮಾತ್ರ, ಅವುಗಳಂತೆ ಗಾಣವನ್ನು ನಿಲ್ಲಿಸುವುದೆಲ್ಲವೂ ಅದರಲ್ಲಿ ಅಡಗಿರುವುದು.

೮. ನಿವೇದನೆಯ ಹೊರಗೆ ಉಳಿದವರು

ಈವರೆಗೆ ಹೇಳಿದ ನಿವೇದನೆಯೆಲ್ಲವೂ ಷೇರುಪೇಟೆಯ ಮೂಲಕ ಷೇರುದಾರರಿಗೆ ಸಲ್ಲುವುದು. ಆದರೆ ವಿಪತ್ತಿಗೆ ಅತ್ಯಂತ ಸಮೀಪದಲ್ಲಿರುವವರು ಬೇರೆ. ಚಿಕ್ಕೋಡಿಯಲ್ಲಿಯೋ ನಿಪ್ಪಾಣಿಯಲ್ಲಿಯೋ ಸಹಕಾರಿ ಕಾರ್ಖಾನೆಯ ಷೇರನ್ನು ಹೊಂದಿದ ಬೆಳೆಗಾರನೂ ಪಾಲುದಾರನೇ. ಅವನ ಷೇರು ಪೇಟೆಯಲ್ಲಿ ಮಾರುವುದಲ್ಲವಾದುದರಿಂದ ಈ ಗಂಟೆಗಳ ಗಡುವು ಅವನಿಗಾಗಿ ಏರ್ಪಟ್ಟಿಲ್ಲ. ವರ್ಷಕ್ಕೊಮ್ಮೆ ಕೂಡುವ ಸರ್ವಸಾಧಾರಣ ಸಭೆಯೂ ಅಲ್ಲಿ ಓದುವ ವರದಿಯೂ ಅವನಿಗೆ ಮುಖ್ಯ ಆಧಾರಗಳು. ಕಂಪೆನಿಗೆ ಕಬ್ಬನ್ನು ಕೊಡುವ ಬೆಳೆಗಾರನಾದರೋ ಪಾಲುದಾರನೇ ಅಲ್ಲ. ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯಂತೆ ೧೪ ದಿನಗಳೊಳಗೆ ಅವನಿಗೆ ಹಣವು ಸಲ್ಲತಕ್ಕದ್ದು. ತಪ್ಪಿದರೆ ವರ್ಷಕ್ಕೆ ಶೇಕಡಾ ೧೫ರ ಬಡ್ಡಿಯು ಕೂಡತಕ್ಕದ್ದು. ಹಣವನ್ನು ಕೇಳುವ ಹಕ್ಕು ಅವನಿಗುಂಟು. ಹಣಕ್ಕೆ ಕುತ್ತು ಬರುತ್ತಿರುವುದನ್ನು ಮುಂಚಿತವಾಗಿ ಕೇಳುವ ಹಕ್ಕಿಲ್ಲ.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ಪ್ರಕಟನೆಗಳು ಸರಳವಾದ ಭಾಷೆಯಲ್ಲಿರಬೇಕೆಂದು ನಿಯಮಾವಳಿಯು ಹೇಳುತ್ತದೆ. ಅವು ರೂಢಿಯಲ್ಲಿ ಇಂಗ್ಲಿಷಿನಲ್ಲಿ ಇರುತ್ತವೆ. ಲಾಭನಷ್ಟಗಳ ಫಲಿತಾಂಶಗಳ ವಿಷಯದ ಜಾಹೀರಾತನ್ನಾದರೋ ನೋಂದಾಯಿತ ಕಚೇರಿಯಿರುವ ಪ್ರದೇಶದ ಭಾಷೆಯ ಒಂದು ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಕಚೇರಿಯು ಸಾಂಗಲಿಯಲ್ಲಿರುವ ಉಗಾರದ ಕಂಪೆನಿಗೆ ಆ ಭಾಷೆಯು ಮರಾಠಿಯಾಗುವುದು. ಗಾಣವು ಕನ್ನಡನಾಡಿನಲ್ಲಿದ್ದರೂ, ಕನ್ನಡವನ್ನು ಮಾತ್ರ ಓದಬಲ್ಲ ಪಾಲುದಾರನಿಗೆ ತನ್ನ ಭಾಷೆಯಲ್ಲಿ ಒಂದು ಸಾಲೂ ಶಾಸನಬದ್ಧವಾಗಿ ದೊರೆಯಬೇಕೆಂಬುದಿಲ್ಲ.

೯. ಉಪಸಂಹಾರ

ಮೇಲಿನ ವಿಚಾರದಿಂದ ನಾಲ್ಕು ಪ್ರಶ್ನೆಗಳಿಗೂ ಉತ್ತರವು ಸಿದ್ಧವಾಗುತ್ತದೆ. ತಿಳಿಸಬೇಕಾದುದು ಘಟನೆಯನ್ನಷ್ಟೇ ಅಲ್ಲ, ಅದರ ಪರಿಣಾಮವನ್ನು. ಕಾಲವನ್ನು ಎಣಿಸಬೇಕಾದುದು ಉತ್ಪಾತದ ಉತ್ಪತ್ತಿಯಿಂದಲ್ಲ, ಅಧಿಕಾರಿಯು ಅದನ್ನು ಅರಿತ ಅಥವಾ ಅರಿಯಬೇಕಾಗಿದ್ದ ಕ್ಷಣದಿಂದ. ವಿವರವು ಅಸ್ಥಿರವಾಗಿರಬಹುದು, ಅಪೂರ್ಣವಾಗಿ ಮೋಸಗೊಳಿಸುವಂತಿರಬಾರದು. ನಿವೇದನೆಯು ಮುಗಿಯುವುದು ಮೊದಲ ಪತ್ರದಿಂದಲ್ಲ, ವಿಪತ್ತು ಕಳೆದು ಲೆಕ್ಕವು ತೀರಿದಾಗ. ಅಡಸಾಲಿ ಕಬ್ಬಿನ ನಾಡಿನಲ್ಲಿ ಅದಕ್ಕೆ ಎರಡು ಹಂಗಾಮುಗಳು ಹಿಡಿಯಬಹುದು.

ಶಾಸನವು ಪೇಟೆಯ ಪಟ್ಟಿಯಲ್ಲಿರುವ ಕಂಪೆನಿಗಳಿಗೆ ಮಾತ್ರ ಈ ಧರ್ಮವನ್ನು ವಿಧಿಸಿದೆ. ಆದರೆ ಸಂಭೂಯಸಮುತ್ಥಾನದ ಮೂಲಭಾವನೆಯು ಪೇಟೆಯನ್ನು ಅವಲಂಬಿಸಿದುದಲ್ಲ; ಪಾಲುಗಾರರ ಪರಸ್ಪರ ವಿಶ್ವಾಸವನ್ನು ಅವಲಂಬಿಸಿದುದು. ನೀರು ಏರಿದ ದಿನವೇ ಕಾರ್ಖಾನೆಯ ಬಾಗಿಲಿನಲ್ಲಿ, ಕನ್ನಡದಲ್ಲಿ, ಒಂದು ತಿಳಿವಳಿಕೆಯ ಪತ್ರವನ್ನು ಅಂಟಿಸುವುದಕ್ಕೆ ಸಹಕಾರಿ ಸಂಘಕ್ಕಾಗಲಿ ಕಂಪೆನಿಗಾಗಲಿ ಯಾವ ಶಾಸನದ ಅಡ್ಡಿಯೂ ಇರುವುದಿಲ್ಲ. ಒಂದೇ ಒಂದು ನಿಯಮವನ್ನು ಪಾಲಿಸಿದರೆ ಸಾಕು: ಪಟ್ಟಿಯಲ್ಲಿ ಸೇರಿದ ಕಂಪೆನಿಯು ಬಾಗಿಲಿನ ಪತ್ರಕ್ಕಿಂತ ಮೊದಲು ಪೇಟೆಗೆ ತಿಳಿಸಿರಬೇಕು. ಆ ಪತ್ರವು ಮುಂಬಯಿಯ ಪೇಟೆಯಲ್ಲಿ ಯಾವ ಬೆಲೆಯನ್ನೂ ಏರಿಸಲಾರದು, ಇಳಿಸಲಾರದು. ಆದರೆ ಯಾರ ಕಬ್ಬು ನೀರಿನಲ್ಲಿ ನಿಂತಿದೆಯೋ ಅವರು ಮುಂದಿನ ಹಂಗಾಮಿನ ಸಾಲವನ್ನೂ ನಾಟಿಯನ್ನೂ ಆ ಒಂದು ಕಾಗದವನ್ನು ಓದಿ ನಿಶ್ಚಯಿಸಿಕೊಳ್ಳುವರು.